ಕಡಲಿಗೆ ಪಟ್ಟಿ ಹೊಲಿಯುವ ಕರಜಗಿಯ ಮುಮತಾಜ

ಕರಜಗಿಯಲ್ಲಿ ಬಿಸಿಲು ಇನ್ನೂ ಗೋಡೆ ಇಳಿದಿಲ್ಲ. ಮುಮತಾಜ ತಮ್ಮ ಅಂಗಳದ ಶಹಾಬಾದ ಕಲ್ಲುಗಳನ್ನು ಗುಡಿಸಿ, ತೊಳೆದು, ಅವು ಆರುವವರೆಗೆ ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಆಮೇಲೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿ, ಬಿಳಿ ಚಾಕ್ ಹಿಡಿದು ನೆಲಕ್ಕೆ ಮೊಣಕಾಲೂರುತ್ತಾರೆ. ಅಳತೆ ಟೇಪಿನ ಇನ್ನೊಂದು ತುದಿ ಬೇವಿನ ಗಿಡದ ಬುಡದಲ್ಲಿ ಕುಳಿತ ಮಾವ ಗೌಸಮೊಹಿದ್ದೀನರ ಕೈಯಲ್ಲಿದೆ. ಅವರಿಗೆ ಕಣ್ಣು ಮಂಜಾಗಿದೆ. ಟೇಪು ಹಿಡಿಯಲು ಕಣ್ಣು ಯಾಕೆ ಬೇಕು ಎನ್ನುವುದು ಅವರ ವಾದ.

“ಅಬ್ಬಾ, ಬಿಗಿ ಹಿಡೀರಿ.”

“ಹಿಡದೀನವ್ವ. ನೀ ಎಳಿ.”

ಗೆರೆ ಒಂದು ಕಡೆ ಚೂಪಾಗಿ ಹೊರಟು, ನಡುವೆ ಹೊಟ್ಟೆ ಬಿಟ್ಟು, ಇನ್ನೊಂದು ಕಡೆ ಮೊಂಡಾಗಿ ಮುಗಿಯುತ್ತದೆ. ಚೂಪು ತುದಿಯಲ್ಲಿ ಒಂದು ಚೌಕ: ಅದು ಲಂಗರು ಮತ್ತು ಅದನ್ನು ಮೇಲೆತ್ತುವ ಯಂತ್ರದ ಜಾಗ. ಅದರ ಹಿಂದೆ ಗಾಳಿ ಬೆಳಕಿಗೆ ತೆರೆಯುವ ಮುಚ್ಚಳ, ನಟ್ಟನಡುವೆ ಹಾಯಿಕಂಬ, ಕಂಬವನ್ನು ಎರಡೂ ಬದಿಯಿಂದ ಎಳೆದು ನಿಲ್ಲಿಸುವ ಉಕ್ಕಿನ ತಂತಿಗಳು. ಹಿಂಭಾಗದಲ್ಲಿ ದೋಣಿ ನಡೆಸುವವರು ಕೂರುವ ತಗ್ಗು, ಚಕ್ರ, ಅದರ ಅಕ್ಕಪಕ್ಕ ಹಾಯಿಯ ಹಗ್ಗ ಎಳೆಯುವ ದೊಡ್ಡ ಗಿರಕಿಗಳು. ಗೋವಾದ ಒಂದು ಬೋಟ್ ಯಾರ್ಡಿನವರು ಫೋನಿನಲ್ಲಿ ಕಳಿಸಿದ ಅಳತೆಗಳು ಮೂಡಣದ ಬೆಳಕಿನಲ್ಲಿ ಕಲ್ಲಿನ ಮೇಲೆ ಒಂದೊಂದಾಗಿ ಮೂಡುತ್ತವೆ. ತಿಂಗಳುಗಟ್ಟಲೆ ದಡ ಕಾಣದೆ ಹೋಗುವ ಹಾಯಿದೋಣಿಯೊಂದರ ಡೆಕ್ ಇದು, ಅಸಲಿ ಗಾತ್ರದಲ್ಲಿ.

ಪಕ್ಕದ ಮನೆಯ ನಿಂಬೆವ್ವ ಹರಿದ ತಾಡಪತ್ರಿಯೊಂದನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ.

“ಯಾರ ಮನಿ ಪಾಯಾ ಹಾಕಾಕತ್ತೀ ಬೇ ಮುಮತಾಜ?”

“ಮನಿ ಅಲ್ಲಕ್ಕ, ದೋಣಿ.”

“ನಾ ಈಗ ಎಲ್ಲಿ ನಿಂತೇನಿ ಹಂಗಾದ್ರ?”

“ನೀರಾಗ ನಿಂತೀದಿ. ಒಂದ್ ಹೆಜ್ಜಿ ಒಳಗ ಬಾ. ಹಾಂ, ಈಗ ದೋಣಿ ಮ್ಯಾಲ ಬಂದಿ ನೋಡು.”

ನಿಂಬೆವ್ವ ನಗುತ್ತ ತಾಡಪತ್ರಿ ಇಳಿಸುತ್ತಾರೆ. ಮುಮತಾಜ ನಗುವುದಿಲ್ಲ. ಅವರು ಹಿಂದಿನ ತಗ್ಗಿನಿಂದ ಎದ್ದು, ಬಗ್ಗಿ, ಒಂದು ಕೈಯನ್ನು ನೆಲದ ಹತ್ತಿರ ಇಟ್ಟುಕೊಂಡು ದೋಣಿಯ ಚೂಪು ಮೂತಿಯವರೆಗೆ ನಡೆಯುತ್ತಿದ್ದಾರೆ. ಕೈಯಲ್ಲಿ ಏನೂ ಇಲ್ಲ. ನಿಜವಾದ ದೋಣಿಯಾಗಿದ್ದರೆ ಅಲ್ಲೊಂದು ಕೊಂಡಿ ಇರುತ್ತಿತ್ತು. ಎಲ್ಲಿ ಕಾಲು ತಡೆಯುತ್ತದೆ, ಎಲ್ಲಿ ಕೊಂಡಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಪಟ್ಟಿ ಲೋಹದ ಮೂಲೆಗೆ ಉಜ್ಜುತ್ತದೆ ಎಂದು ಅವರು ನಡೆದೇ ತಿಳಿಯುತ್ತಾರೆ. ತಿಳಿದಲ್ಲಿ ಚಾಕಿನ ಗುರುತು ಹಾಕುತ್ತಾರೆ.

ಮುಮತಾಜ ಹೊಲಿಯುವ ಪಟ್ಟಿಯನ್ನು ಯಾರ್ಡಿನವರು ಜಾಕ್‌ಲೈನ್ ಎನ್ನುತ್ತಾರೆ. ಕರಜಗಿಯ ಮನೆಯಲ್ಲಿ ಅದಕ್ಕೆ ಜೀವದ ಪಟ್ಟಿ ಎಂದೇ ಹೆಸರು. ಮಂಚಕ್ಕೆ ಹೆಣೆಯುವ ನವಾರದ ಹಾಗೆ ಕಾಣುವ, ಆದರೆ ಅದಕ್ಕಿಂತ ಎಷ್ಟೋ ಗಟ್ಟಿಯಾದ ಚಪ್ಪಟೆ ಪಟ್ಟಿ ಅದು. ಡೆಕ್ಕಿನ ಎರಡೂ ಬದಿಗೆ ಹಿಂದಿನಿಂದ ಮುಂದಿನವರೆಗೆ ಬಿಗಿದಿರುತ್ತದೆ. ಗಾಳಿ ಜೋರಾದಾಗ ಹಾಯಿ ಇಳಿಸಲು, ಹಗ್ಗ ಬಿಡಿಸಲು ಯಾರಾದರೂ ಮುಂದೆ ಹೋಗಬೇಕಾದರೆ ತಮ್ಮ ಎದೆಪಟ್ಟಿಯ ಕೊಂಡಿಯನ್ನು ಇದಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಅಲೆ ಬಡಿದು ಕಾಲು ಜಾರಿದರೆ ಅವರಿಗೂ ಕಡಲಿಗೂ ನಡುವೆ ಉಳಿಯುವುದು ಇದೊಂದೇ.

“ಹಗ್ಗ ಹಾಕಬಾರದೇನ್ರಿ ಅಂತ ಎಲ್ಲಾರೂ ಕೇಳ್ತಾರ,” ಎಂದು ಮುಮತಾಜ ನನಗೆ ಹೇಳುತ್ತಾರೆ. “ಹಗ್ಗ ದುಂಡಗ ಇರ್ತದ್ರಿ. ತೊಯ್ದ ಡೆಕ್ಕಿನ ಮ್ಯಾಲ ಅದರ ಮ್ಯಾಲ ಕಾಲಿಟ್ರ ಉರುಳ್ತದ. ಪಟ್ಟಿ ಉರಳಂಗಿಲ್ಲ. ಮತ್ತ ಅದನ್ನ ಅಂಚಿಗಿ ಬಿಗೀಬಾರದು, ಆದಷ್ಟು ನಡಕ್ಕ ಬಿಗೀಬೇಕು. ಅಂಚಿನಾಗ ಬಿಗದ್ರ ಮನಷ್ಯಾ ನೀರಿಗಿ ಬಿದ್ದ ಮ್ಯಾಲ ಹಿಡೀತದ. ನಡಕ ಇದ್ರ ಬೀಳೋಕಿಂತ ಮೊದಲ ಹಿಡೀತದ.”

ಆಳಂದದಲ್ಲಿ ಮುಮತಾಜರ ತಂದೆ ಶಾಮಿಯಾನಾ ಹೊಲಿಯುತ್ತಿದ್ದರು. ಮದುವೆಗಳಿಗೆ, ಉರುಸಿಗೆ, ಜಿಡಗಾ ಮಠದ ಕಾರ್ಯಕ್ರಮಗಳಿಗೆ ಅವರ ಬಟ್ಟೆಯ ನೆರಳೇ ಆಗಬೇಕು. ಮಗಳು ಬರೆಯುವುದಕ್ಕಿಂತ ಮುಂಚೆ ದಬ್ಬಣ ಹಿಡಿದಳು. ಕರಜಗಿಯ ಯಾಸೀನನ ಜೊತೆ ಮದುವೆಯಾದಾಗ ಗಂಡ ಗೋವಾದ ಬೋಟ್ ಯಾರ್ಡಿನಲ್ಲಿ ಸಾಮಾನು ಹೊರುವ ಕೆಲಸಕ್ಕಿದ್ದ. ಇಲ್ಲಿಂದ ಅಲ್ಲಿಗೆ ಕಟ್ಟಡದ ಕೆಲಸಕ್ಕೆ ಹೋದ ಗುಂಪಿನಲ್ಲಿ ಅವನೊಬ್ಬ ಮಾತ್ರ ದಾರಿ ತಪ್ಪಿ ದೋಣಿಗಳ ಕಡೆ ಹೊರಳಿದ್ದ.

“ಸಾಮಾನು ಹೊರೋ ಮನಷ್ಯಾ ಸುಮ್ಮ ಹೊರಬೇಕಲ್ರಿ,” ಎಂದು ಮುಮತಾಜ ನೆನೆಯುತ್ತಾರೆ. “ಇವ್ರು ಹೊತ್ತದ್ದನ್ನೆಲ್ಲ ತಿರುಗಿಸಿ ತಿರುಗಿಸಿ ನೋಡೋರು. ಇದೇನು, ಇದು ಎಲ್ಲಿ ಕೂಡ್ತದ, ಯಾಕ ಅಲ್ಲೇ ಕೂಡ್ತದ. ಕೇಳಿ ಕೇಳಿ ಫಿಟ್ಟರ್ ಆದ್ರು.”

ಡೆಕ್ಕಿನ ಮೇಲೆ ಏನು ಎಲ್ಲಿರಬೇಕು ಎನ್ನುವುದೇ ಯಾಸೀನನ ಕೆಲಸವಾಯಿತು. ಗಿರಕಿಗಳನ್ನು ಕೂರಿಸುವುದು, ಹಗ್ಗಗಳು ಒಂದಕ್ಕೊಂದು ತಾಗದಂತೆ ದಾರಿ ಮಾಡುವುದು, ಅಂಚಿನ ಕಂಬಿಗಳಿಗೆ ಉಕ್ಕಿನ ತಂತಿ ಬಿಗಿಯುವುದು, ಲಂಗರಿನ ಸರಪಳಿ ಸರಾಗವಾಗಿ ಇಳಿಯುವಂತೆ ನೋಡುವುದು. ಗಂಡನ ಜೊತೆ ಗೋವಾಕ್ಕೆ ಹೋದ ಮುಮತಾಜ ಅದೇ ಯಾರ್ಡಿನ ಹೊಲಿಗೆಯ ಕೋಣೆ ಸೇರಿದರು. ಅಲ್ಲಿದ್ದ ಗೋವೆಯ ಮುದುಕ ದರ್ಜಿಯನ್ನು ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದರು. ಹಾಯಿಗೆ ಮುಚ್ಚಳ, ಅಲೆಯ ನೀರು ಒಳಗೆ ಸಿಡಿಯದಂತೆ ತಗ್ಗಿನ ಮುಂದೆ ನಿಲ್ಲಿಸುವ ಬಟ್ಟೆಯ ಕಮಾನು, ಗಿರಕಿಗಳ ಟೊಪ್ಪಿಗೆ, ಹಗ್ಗದ ಚೀಲ ಎಲ್ಲವನ್ನೂ ಆತ ಕಲಿಸಿದ. ಮಾತಾಡುತ್ತಿದ್ದದ್ದು ಕೊಂಕಣಿ. ಬೈಯುತ್ತಿದ್ದದ್ದೂ ಕೊಂಕಣಿಯಲ್ಲೇ. ಎರಡೂ ತಿಳಿಯುವುದರೊಳಗೆ ಕೆಲಸ ಕೈಗೆ ಹತ್ತಿತ್ತು.

ಮಧ್ಯಾಹ್ನ ಊಟದ ಬುತ್ತಿ ಬಿಚ್ಚಿದಾಗ ಗಂಡ ಹೆಂಡತಿಯ ಮಾತೆಲ್ಲ ಡೆಕ್ಕಿನದೇ. ಯಾಸೀನ ರೊಟ್ಟಿಯನ್ನು ದೋಣಿ ಮಾಡಿ, ಚಟ್ನಿಯ ಚುಕ್ಕೆಯಿಂದ ಗಿರಕಿಗಳನ್ನು ಇಡುತ್ತಿದ್ದ. ಹೊಸ ದೋಣಿ ಸಿದ್ಧವಾದರೆ ಪರೀಕ್ಷೆಗೆಂದು ಬಂದರಿನ ಆಚೆ ಹೋಗಿ ಬರುವವರಲ್ಲಿ ಅವನೂ ಇರುತ್ತಿದ್ದ. ಹೊಲಿಗೆಯ ಕೋಣೆಯವರನ್ನು ಯಾರೂ ಕರೆಯುತ್ತಿರಲಿಲ್ಲ. ದಡ ಕಣ್ಣಿಗೆ ಮರೆಯಾದ ಮೇಲೆ ನೀರಿನ ಬಣ್ಣ ಬದಲಾಗುತ್ತದೆ ಎಂದು ಅವನು ಬಂದು ಹೇಳುವನು. ಯಾವ ಬಣ್ಣ ಎಂದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

“ನಂದೂ ನೋಡಬೇಕಂತ ಜೀವ ಇತ್ರಿ. ಮುಂದಿನ ಸಲ ಮಾಲಕರಿಗಿ ಕೇಳ್ತೇನಿ ಅನ್ನೋರು. ಪ್ರತಿ ಸಲ ಮುಂದಿನ ಸಲ. ನಾ ಹೊಲಿದ ಬಟ್ಟಿ ಎಲ್ಲಾ ನಡು ಸಮುದ್ರ ನೋಡ್ಯಾವ, ನಾ ನೋಡಿಲ್ಲ ಅಂತ ನಾ ಚೇಷ್ಟಾ ಮಾಡ್ತಿದ್ನಿ.”

ಮಗಳು ತಬಸ್ಸುಮ ಶಾಲೆಯಲ್ಲಿದ್ದ ವರ್ಷ, ಹೊರಗಿನವರೊಬ್ಬರು ಕೊಂಡ ಹಳೆಯ ದೋಣಿಯನ್ನು ಲಕ್ಷದ್ವೀಪದ ಕಡೆ ಮುಟ್ಟಿಸಬೇಕಿತ್ತು. ಕೈ ಕಡಿಮೆ ಬಿದ್ದಿತೆಂದು ಯಾಸೀನನನ್ನು ಕೇಳಿದರು. ಅವನು ಖುಷಿಯಿಂದ ಒಪ್ಪಿದ. ಅಷ್ಟು ದೂರ ಅವನು ಎಂದೂ ಹೋಗಿರಲಿಲ್ಲ. ದೋಣಿ ಯಾರ್ಡಿಗೆ ರಿಪೇರಿಗೆ ಬಂದದ್ದಲ್ಲ, ಬಂದರಿನಿಂದಲೇ ನೇರ ಹೊರಟಿತು. ಅದರ ಮೇಲಿದ್ದ ಜೀವದ ಪಟ್ಟಿ ಹಿಂದಿನ ಮಾಲೀಕನ ಕಾಲದ್ದು.

ಎರಡನೆಯ ದಿನ ಮಧ್ಯಾಹ್ನ ಗಾಳಿ ಏರಿತು. ಮುಂದಿನ ಹಾಯಿಯ ಹಗ್ಗ ಸಿಕ್ಕಿಕೊಂಡಿತೆಂದು ಯಾಸೀನ ಕೊಂಡಿ ಸಿಕ್ಕಿಸಿಕೊಂಡು ಮೂತಿಗೆ ಹೋದ. ಬದಿಯಿಂದ ಬಂದ ಅಲೆ ಅವನನ್ನು ಎತ್ತಿ ಒಗೆಯಿತು. ಪಟ್ಟಿ ಒಂದು ಕ್ಷಣ ಹಿಡಿಯಿತು, ಆಮೇಲೆ ತುದಿಯ ಹೊಲಿಗೆ ಬಿಚ್ಚಿತು. ಜೊತೆಗಿದ್ದವರು ದೋಣಿ ತಿರುಗಿಸಿದರು, ತೇಲುವ ಬಳೆ ಎಸೆದರು, ಬೆಳಕಿರುವ ತನಕ ಅದೇ ನೀರನ್ನು ಸುತ್ತಿದರು. ಮರುದಿನ ಬೇರೆ ಹಡಗುಗಳೂ ಹುಡುಕಿದವು. ಯಾಸೀನ ಸಿಗಲಿಲ್ಲ.

ದೋಣಿಯ ನಾಯಕ ಮರಳಿ ಬಂದವನು ಮುಮತಾಜರ ಮುಂದೆ ನಿಂತು, ಹೊಲಿಗೆ ಬಿಚ್ಚಿದ ಪಟ್ಟಿಯನ್ನು ಅವರ ಕೈಗೆ ಕೊಟ್ಟ. ಅವನಿಗೆ ಬೇರೆ ಏನು ತರಲಿಕ್ಕಿತ್ತು?

“ಪಟ್ಟಿ ಗಟ್ಟಿ ಇತ್ರಿ,” ಎನ್ನುವಾಗ ಮುಮತಾಜ ತಮ್ಮ ಬೆರಳುಗಳನ್ನು ನೋಡುತ್ತಾರೆ. “ದಾರ ಹೋಗಿತ್ತು. ಬಿಸಲಾಗ ಬಿದ್ದು ಬಿದ್ದು ದಾರ ಬೂದಿ ಆಗಿತ್ತು. ಉಗುರಲಿಂದ ಕೆರದ್ರ ಉದರತಿತ್ತು. ಮ್ಯಾಲಿಂದ ನೋಡಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಯಾರಿಗಿ ಏನನ್ನಲಿ?”

ಮಗಳನ್ನು ಕರೆದುಕೊಂಡು ಅವರು ಕರಜಗಿಗೆ ಬಂದರು. ಶವವಿಲ್ಲ, ಗೋರಿಯಿಲ್ಲ. ಮೀನುಗಾರರ ದೋಣಿ ಎತ್ತಿಕೊಂಡಿರಬಹುದು, ಬೇರೆ ದೇಶದ ದಡ ಹತ್ತಿರಬಹುದು ಎಂದು ಬಂದವರೆಲ್ಲ ಹೇಳಿ ಹೋದರು. ಬಳೆ ತೆಗೆಯಬೇಕೋ ಬೇಡವೋ ಮುಮತಾಜರಿಗೆ ತಿಳಿಯಲಿಲ್ಲ. ಯಾಸೀನನ ತಂದೆ ಗೌಸಮೊಹಿದ್ದೀನ ತೀರಿಹೋದವರಿಗೆ ಸಲ್ಲಿಸುವ ಜನಾಜಾ ನಮಾಜನ್ನು ಮಗನ ಹೆಸರಿನಲ್ಲಿ ಮಾಡಲು ಒಪ್ಪಲೇ ಇಲ್ಲ. ಭೀಮಾ ತುಂಬಿ ಹರಿದಾಗ ದಂಡೆಗೆ ಹೋಗಿ ನಿಲ್ಲುತ್ತಿದ್ದರು. ಎರಡು ಮಳೆಗಾಲ ಕಳೆದ ಮೇಲೆ ಒಂದು ಶುಕ್ರವಾರ ತಾವಾಗಿಯೇ ಮಸೀದಿಯಲ್ಲಿ ಕೇಳಿಕೊಂಡರು. ಊರವರು ಸಾಲಾಗಿ ನಿಂತರು, ಮುಂದೆ ಏನನ್ನೂ ಇಡದೆ ನಮಾಜು ಮಾಡಿದರು. ಮನೆಗೆ ಬಂದು ಅವರು ಸೊಸೆಗೆ ಹೇಳಿದ್ದು ಇಷ್ಟೆ: “ಇನ್ನ ನಾವಿಬ್ಬರೂ ಉಣ್ಣೋಣವ್ವ.”

ಅಂದಿನಿಂದ ಮುಮತಾಜ ತಾಡಪತ್ರಿ ಹೊಲಿಯುತ್ತಾರೆ. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ಟ್ರ್ಯಾಕ್ಟರಿನವರು, ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳು, ತೊಗರಿ ಒಣಗಿಸುವ ರೈತರು, ಎಲ್ಲರ ಹರಿದದ್ದೂ ಈ ಅಂಗಳಕ್ಕೆ ಬರುತ್ತದೆ. ಹಂಗಾಮಿನಲ್ಲಿ ದಪ್ಪ ಹೊಲಿಗೆಯ ಯಂತ್ರ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದಿಲ್ಲ. ದಾರ ಎಳೆದೂ ಎಳೆದೂ ಅವರ ತೋರುಬೆರಳಿನಲ್ಲಿ ಒಂದು ಗೀರು ಬಿದ್ದಿದೆ. ಅದು ತುಂಬಿಕೊಳ್ಳುವ ಮೊದಲೇ ಮತ್ತೆ ಹಂಗಾಮು ಬರುತ್ತದೆ.

ಜೀವದ ಪಟ್ಟಿಯ ಕೆಲಸ ಶುರುವಾದದ್ದು ಅವರ ಹಟದಿಂದ. ಗೋವಾದ ಯಾರ್ಡಿನ ಮಾಲೀಕರಿಗೆ ಅವರೇ ಫೋನು ಮಾಡಿ, ಇನ್ನು ಮೇಲೆ ನಿಮ್ಮಲ್ಲಿಂದ ಹೊರಡುವ ದೋಣಿಗಳಿಗೆ ಪಟ್ಟಿ ನಾನು ಹೊಲಿಯುತ್ತೇನೆ ಎಂದರು. ಮಾಲೀಕರು ‘ಮುಮತಾಜ, ನಿನ್ನ ಕೈಲಿ ಆಗುತ್ತಾ ಅಂತ ಕೇಳ್ತಿಲ್ಲ, ನಿನ್ನ ಮನಸ್ಸು ತಡೀತದಾ?’ ಎಂದು ಕೇಳಿದರಂತೆ.

“ತಡಿಯಂಗಿಲ್ರಿ ಅಂತ ಹೇಳ್ದೆ. ಆದ್ರೂ ಕಳಸ್ರಿ ಅಂದೆ.”

ಮೊದಲ ಪಟ್ಟಿ ಹೊಲಿದಾಗ ಅದರ ಬಲ ನೋಡಲು ಅವರಲ್ಲಿ ಏನೂ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಸಿದ್ದರಾಮೇಶ ತಾಡಪತ್ರಿ ಒಯ್ಯಲು ಬಂದಿದ್ದ. ಪಟ್ಟಿಯ ಒಂದು ತುದಿಯನ್ನು ಬೇವಿನ ಗಿಡಕ್ಕೆ, ಇನ್ನೊಂದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ, ಎಳಿ ಎಂದರು.

“ಗಿಡ ಕಿತ್ತು ಬರ್ತದ್ರೀ ವೈನಿ ಅಂದೆ ನಾನು,” ಎಂದು ಸಿದ್ದರಾಮೇಶ ಈಗಲೂ ಹೇಳುತ್ತಾನೆ. “ಬರಲಿ ಎಳಿ ಅಂದ್ರು. ಗಾಲಿ ಅಲ್ಲೇ ತಿರುಗಾಕತ್ವು, ಮಣ್ಣ ಹಾರಾಕತ್ತು. ಗಿಡದ ತೊಗಟಿ ಸುಲೀತು. ಪಟ್ಟಿ ಹಂಗ ಇತ್ತು.”

ಹೊಲಿಗೆಯ ಮೇಲೆ ಮುಮತಾಜ ಇನ್ನೊಂದು ಬಟ್ಟೆಯ ಮುಚ್ಚಳ ಹೊಲಿಯುತ್ತಾರೆ, ದಾರಕ್ಕೆ ಬಿಸಿಲು ತಾಗದಿರಲಿ ಎಂದು. ಆ ಮುಚ್ಚಳವನ್ನು ಬಿಚ್ಚಿ ಒಳಗಿನ ದಾರ ನೋಡಲು ಬರಬೇಕು. ಹೊಲಿದು ಕೊಟ್ಟ ಪಟ್ಟಿಗಳನ್ನು ಕೆಲವು ವರ್ಷ ಕಳೆದ ಮೇಲೆ ತಾವೇ ನೆನಪು ಮಾಡಿ ತರಿಸಿಕೊಳ್ಳುತ್ತಾರೆ. ಹಳೆಯದನ್ನು ಬಿಚ್ಚಿ ಹೊಸ ದಾರ ಹಾಕುವುದಿಲ್ಲ, ಕತ್ತರಿಸಿ ಎಸೆದು ಹೊಸದನ್ನೇ ಹೊಲಿಯುತ್ತಾರೆ. ಎಸೆದ ತುಂಡುಗಳು ಊರಿನ ಎತ್ತುಗಳ ಕೊರಳಿಗೆ ಹೋಗುತ್ತವೆ.

ಮಗಳು ತಬಸ್ಸುಮ ಈಗ ಜೇವರ್ಗಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ, ಅಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಅವಳನ್ನು ನೋಡಲು ಹೋಗುವಾಗ ಬಸ್ಸು ಭೀಮಾ ಸೇತುವೆ ದಾಟುತ್ತದೆ. ಮುಮತಾಜ ಕಿಟಕಿಯ ಪಕ್ಕದ ಸೀಟನ್ನೇ ಹುಡುಕಿ ಕೂರುತ್ತಾರೆ.

“ಮೊದಲ ಮೊದಲ ಭೀಮಾಗ ಸಲಾಮ ಹೇಳ್ತಿದ್ನಿ. ಹೆಂಗೂ ಸಮುದ್ರಕ್ಕ ಹೋಗ್ತಾಳ, ಮುಟ್ಟಸ್ತಾಳ ಅಂತ. ಆಮ್ಯಾಲ ತಬಸ್ಸುಮ ನಕಾಶಾ ತೋರಿಸಿದ್ಳು. ಭೀಮಾ ಕೃಷ್ಣಾಗ ಸೇರಿ ಮೂಡಣ ಸಮುದ್ರಕ್ಕ ಹೋಗ್ತಾಳಂತ್ರಿ. ಅವ್ರು ಇರೋದು ಪಡುವಣ ಸಮುದ್ರದಾಗ. ನಮ್ಮ ಊರಿನ ಒಂದು ಹನಿ ನೀರೂ ಅವ್ರ ಕಡಿ ಹೋಗಂಗಿಲ್ಲ.”

ಇಷ್ಟು ಹೇಳಿ ಅವರು ಎದ್ದು ಒಳಗೆ ಹೋಗುತ್ತಾರೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಊಟಕ್ಕೆ ಕರೆಯುವವರೆಗೆ ಅವರು ಹೊರಗೆ ಬರುವುದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಪರಿಚಯವಿಲ್ಲದ ನಂಬರಿನಿಂದ ಫೋನು ಬಂತು. ಬೆಳಗಾವಿಯ ಅಮೃತ ಎನ್ನುವ ಹೆಣ್ಣುಮಗಳು. ದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸುವುದೇ ಅವಳ ಉದ್ಯೋಗ. ಕರಜಗಿಯ ಪಟ್ಟಿ ಹಾಕಿದ ದೋಣಿಯೊಂದನ್ನು ಅವಳೂ ಅವಳ ಜೊತೆಗಾರನೂ ಒಯ್ಯುತ್ತಿದ್ದರು. ಹಾಯಿಕಂಬದ ಹತ್ತಿರ ಸಿಕ್ಕಿಕೊಂಡ ಹಗ್ಗ ಬಿಡಿಸಲು ಹೋದಾಗ ಅಲೆ ಬಡಿಯಿತು. ಅವಳು ಅಂಚಿನ ತಂತಿಯ ಕೆಳಗಿನಿಂದ ಹೊರಗೆ ಜಾರಿದಳು. ಸೊಂಟದವರೆಗೆ ನೀರು. ಅಲ್ಲಿಗೆ ಪಟ್ಟಿ ಹಿಡಿಯಿತು. ಜೊತೆಗಾರ ದೋಣಿಯ ಓಟ ತಗ್ಗಿಸಿ, ಬಂದು, ಅವಳ ಎದೆಪಟ್ಟಿಗೆ ಹಗ್ಗ ಕಟ್ಟಿ, ಗಿರಕಿ ತಿರುಗಿಸಿ ಮೇಲೆಳೆದುಕೊಳ್ಳುವವರೆಗೆ ಹಿಡಿದೇ ಇತ್ತು. ಯಾರು ಹೊಲಿದದ್ದು ಎಂದು ಅವಳು ಯಾರ್ಡಿನಲ್ಲಿ ಕೇಳಿ ನಂಬರು ಪಡೆದಿದ್ದಳು.

“ನನಗ ಮೊದಲ ತಿಳೀಲೇ ಇಲ್ರಿ,” ಎನ್ನುತ್ತಾರೆ ಮುಮತಾಜ. “ಪಟ್ಟಿದೇನೋ ತಕರಾರು ಅದ ಅನಕೊಂಡೆ. ಹೊಲಿಗಿ ಬಿಚ್ತೇನು ಅಂತ ಕೇಳ್ದೆ. ಇಲ್ಲ ಆಪಾ, ಬಿಚ್ಚಲಿಲ್ಲ, ಅದಕ್ಕ ಫೋನ್ ಮಾಡೇನಿ ಅಂದ್ಳು.”

ಅದಾದ ಮೇಲೆ ಅಮೃತ ಕಲಬುರಗಿಯವರೆಗೆ ರೈಲಿನಲ್ಲಿ, ಅಲ್ಲಿಂದ ಅಫಜಲಪುರದ ಬಸ್ಸಿನಲ್ಲಿ ಕರಜಗಿಗೆ ಬಂದಳು. ಅಂಗಳದಲ್ಲಿ ಕುಳಿತು ರೊಟ್ಟಿ, ಪುಂಡಿಪಲ್ಯ ಉಂಡಳು. ಬಿಗಿದ ಎದೆಪಟ್ಟಿ ಒತ್ತಿ ಪಕ್ಕೆಯ ಮೇಲೆ ಉಳಿದ ಗಾಯದ ಗೆರೆಯನ್ನು ಮುಮತಾಜರಿಗೆ ಒಳಗೆ ಕರೆದು ತೋರಿಸಿದಳು. ಮುಮತಾಜ ಅದರ ಮೇಲೆ ಬೆರಳಾಡಿಸಿ ನೋಡಿದರು. ಹೊರಗೆ ಬಂದಾಗ ಗೌಸಮೊಹಿದ್ದೀನ ಹುಡುಗಿಯನ್ನು ಹತ್ತಿರ ಕರೆದು ಕೂರಿಸಿಕೊಂಡರು. ಅಂದಿನ ಮಾತುಗಳನ್ನು ಮುಮತಾಜರೂ ಅಮೃತಳೂ ನನಗೆ ಬೇರೆ ಬೇರೆ ಹೇಳಿದರು. ಇಬ್ಬರ ಮಾತಿನಲ್ಲಿ ಒಂದಕ್ಷರ ವ್ಯತ್ಯಾಸವಿರಲಿಲ್ಲ.

“ನೀರಾಗ ಬಿದ್ದಾಗ ಬಾಳ ಹೆದರಿಕಿ ಆತೇನವ್ವ?” ಎಂದು ಮುದುಕರು ಕೇಳಿದರು.

ಅಮೃತ ಯೋಚಿಸಿದಳು. ಯಾಸೀನನ ಸಂಗತಿ ಅವಳಿಗೆ ಗೊತ್ತಿತ್ತು. “ಇಲ್ಲ ಅಜ್ಜಾ. ಹೆದರಾಕ ಟೈಮ ಇರಲಿಲ್ಲ. ಹೆದರಿಕಿ ಆಗಿದ್ದು ಮ್ಯಾಲ ಬಂದ ಮ್ಯಾಲ.”

“ನೀರು ತಣ್ಣಗಿತ್ತೇನು?”

“ಇಲ್ಲ ಅಜ್ಜಾ. ಬೆಚ್ಚಗಿತ್ತು.”

ಗೌಸಮೊಹಿದ್ದೀನ ತಲೆಯಾಡಿಸಿದರು. “ಛಲೋ ಆತು,” ಎಂದರು. ಮತ್ತೆ ಸೊಸೆಯ ಕಡೆ ತಿರುಗಿ, “ಬೆಚ್ಚಗಿತ್ತಂತ ಮುಮತಾಜ,” ಎಂದರು.

ಹೊರಡುವಾಗ ಅಮೃತ ಮುಮತಾಜರ ಕೈ ಹಿಡಿದು, ನಿಮ್ಮನ್ನು ಒಮ್ಮೆ ಕಡಲಿಗೆ ಕರೆದೊಯ್ಯುತ್ತೇನೆ ಎಂದಳು. ಬರುತ್ತೇನೆ ಎಂದು ಮುಮತಾಜ ಅಲ್ಲೇ ಹೇಳಿಬಿಟ್ಟರು. ಗಂಡ ಹೋದ ಮೇಲೆ ಯಾರ ಬಳಿಯೂ ಆಡದ ಆಸೆ ಅಷ್ಟು ಸಲೀಸಾಗಿ ಬಾಯಿಂದ ಹೊರಟದ್ದು ಅವರಿಗೇ ಆಶ್ಚರ್ಯವಾಗಿತ್ತು.

ಮಗಳು ಒಪ್ಪಲಿಲ್ಲ. ಜೇವರ್ಗಿಯಿಂದ ಓಡಿ ಬಂದಳು. “ಅಬ್ಬಾನ್ನ ತೊಗೊಂಡದ್ದು ಸಾಕಾಗಿಲ್ಲೇನು ಆ ನೀರಿಗಿ? ನೀನೂ ಹೋಗ್ತೀಯೇನಮ್ಮಿ?” ಎಂದು ಅತ್ತಳು. ಮುಮತಾಜ ಅವಳನ್ನು ಅಳಲು ಬಿಟ್ಟರು. ಆಮೇಲೆ ಒಂದು ಮಾತು ಕೇಳಿದರು: “ನಿಮ್ಮಜ್ಜಿ ಗೋರಿ ಮ್ಯಾಲ ನೀ ಹೂವ ಹಾಕಿ ಬರ್ತೀದಿ. ನಾ ಎಲ್ಲಿಗಿ ಹೋಗಲಿ?” ತಬಸ್ಸುಮ ಕಣ್ಣೊರೆಸಿಕೊಂಡಳು. ಗೋವಾದವರೆಗೆ ತಾನೂ ಬರುತ್ತೇನೆ, ದೋಣಿ ಮಾತ್ರ ಹತ್ತುವುದಿಲ್ಲ ಎಂದಳು. ಹಾಗೆಯೇ ಆಯಿತು.

ಈ ಚಳಿಗಾಲದಲ್ಲಿ, ಗಾಳಿ ಹದವಾಗಿದ್ದ ಒಂದು ಬೆಳಿಗ್ಗೆ ಅಮೃತ ದೋಣಿ ಬಿಟ್ಟಳು. ಮುಮತಾಜ ಎದೆಪಟ್ಟಿ ತೊಟ್ಟು, ಹಿಂದಿನ ತಗ್ಗಿನಲ್ಲಿ ಕುಳಿತರು. ಜೀವಮಾನವಿಡೀ ಹೊಲಿದ ವಸ್ತುಗಳೆಲ್ಲ ಸುತ್ತ ಇದ್ದವು, ಆದರೆ ಅಲುಗಾಡುತ್ತಿದ್ದವು. ಕಮಾನು ಗಾಳಿಗೆ ಉಬ್ಬುತ್ತಿತ್ತು. ಗಿರಕಿಗಳು ಹಗ್ಗ ನುಂಗುತ್ತಿದ್ದವು. ಬಂದರಿನ ಬಾಯಿ ದಾಟುತ್ತಲೇ ಅವರಿಗೆ ವಾಂತಿ ಶುರುವಾಯಿತು. ಮರಳೋಣವೇ ಎಂದು ಅಮೃತ ಕೇಳಿದಳು. ಬೇಡ ಎಂದು ಕೈಯಾಡಿಸಿದರು. ದಡ ಸಣ್ಣದಾಯಿತು, ಗೆರೆಯಾಯಿತು, ಇಲ್ಲವಾಯಿತು.

“ನೀರಿನ ಬಣ್ಣ ಯಾವುದಿತ್ತು?” ಎಂದು ನಾನು ಕೇಳಿದೆ.

“ಹೇಳಾಕ ಬರಂಗಿಲ್ರಿ,” ಎಂದರು ಮುಮತಾಜ. ಹಾಗೆಂದು ಸಣ್ಣಗೆ ನಕ್ಕರು. ನಾನು ಅವರ ನಗು ನೋಡಿದ್ದು ಆಗ ಮಾತ್ರ.

ಅಂದು ದೋಣಿಯಲ್ಲಿ ವಾಂತಿ ನಿಂತ ಮೇಲೆ ಮೂತಿಗೆ ಹೋಗಬೇಕು ಎಂದರು. ಚಕ್ರ ಅಲುಗದಂತೆ ಕಟ್ಟಿ ಅಮೃತ ಮುಂದೆ, ಅವರು ಹಿಂದೆ. ಇಬ್ಬರ ಕೊಂಡಿಗಳೂ ಪಟ್ಟಿಯ ಮೇಲೆ ಜಾರುತ್ತ ಸಾಗಿದವು. ಅಂಗಳದ ಕಲ್ಲಿನ ಮೇಲೆ ಸಲೀಸಾಗಿದ್ದ ದಾರಿ ಇಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು. ಮುಮತಾಜ ಮಕ್ಕಳ ಹಾಗೆ ಅಂಬೆಗಾಲಿಟ್ಟು ಹೋದರು. ಮೂತಿಯಲ್ಲಿ ಲಂಗರಿನ ಪಕ್ಕ ಕುಳಿತ ಮೇಲೆ, ದೋಣಿ ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದರು. ಅಮೃತ ಹಿಂದಕ್ಕೆ ಹೋಗಿ ಹಾಯಿ ಇಳಿಸಿದಳು. ದೋಣಿ ಸುಮ್ಮನೆ ತೂಗುತ್ತ ನಿಂತಿತು.

“ಯಾವ ಕಡಿ ನೋಡಲಿ ಗೊತ್ತಾಗಲಿಲ್ರಿ. ಇಲ್ಲೇ ಅಂತ ತೋರಸಾಕ ಅಲ್ಲೇನೂ ಇಲ್ಲ. ಎಲ್ಲಾ ಕಡಿ ಒಂದ ನಮೂನಿ ನೀರು. ಇಷ್ಟು ವರ್ಷ ಬರಬೇಕು ಬರಬೇಕು ಅಂದು ಬಂದೆ, ಬಂದ ಮ್ಯಾಲ ಅವ್ರು ಇನ್ನೂ ದೂರ ಆದ್ರು ಅನಸ್ತು. ಅಳು ಬರಲಿಲ್ಲ. ಫಾತಿಹಾ ಓದಿದೆ. ಓದಿ ಮುಗಿದ ಮ್ಯಾಲ ಕೈ ಕೆಳಗ ಇಡಾಕ ಮನಸು ಆಗಲಿಲ್ಲ. ಸುಮ್ಮ ಮಾತಾಡಾಕ ಚಾಲೂ ಮಾಡಿದೆ, ಊಟಕ್ಕ ಕೂತಾಗ ಮಾತಾಡಿದಂಗ.”

ಮಾವನ ಸಲಾಮು ಹೇಳಿದರು. ಅವರ ಕಣ್ಣು ಮಂಜಾದದ್ದನ್ನು, ಆದರೂ ಹಟ ಕಡಿಮೆಯಾಗದ್ದನ್ನು ಹೇಳಿದರು. ತಬಸ್ಸುಮ ಟೀಚರಾದದ್ದು, ಅವಳ ಗಂಡ ಒಳ್ಳೆಯವನಿರುವುದು, ಅವಳ ಮಗಳ ಕೆನ್ನೆಯಲ್ಲಿ ಯಾಸೀನನಂಥದ್ದೇ ಗುಳಿ ಬೀಳುವುದು. ಹಿತ್ತಲ ಗೋಡೆ ಮಳೆಗೆ ಬಿದ್ದು ಮತ್ತೆ ಕಟ್ಟಿಸಿದ್ದು. ಗೋವಾದ ಮಾಸ್ತರ ತೀರಿಕೊಂಡದ್ದು. ನಿಂಬೆವ್ವ ಹೊಸ ಎಮ್ಮೆ ತಂದದ್ದನ್ನೂ ಬಿಡಲಿಲ್ಲ. ಹಿಂದೆ ಚಕ್ರದ ಬಳಿ ನಿಂತ ಅಮೃತಳಿಗೆ ಗಾಳಿಯಲ್ಲಿ ಒಂದೊಂದೇ ಶಬ್ದ ಕೇಳುತ್ತಿತ್ತಂತೆ. ಅರ್ಧ ಕನ್ನಡ, ಅರ್ಧ ಉರ್ದು. ಸೂರ್ಯ ನೆತ್ತಿಗೆ ಬಂದರೂ ಅವಳು ಕರೆಯಲಿಲ್ಲ. ಗಾಳಿ ದಿಕ್ಕು ಬದಲಿಸಿದಾಗ ಮುಮತಾಜ ತಾವೇ ಎದ್ದು, ನಡೀ ಮಗಾ, ತಬಸ್ಸುಮ ದಂಡೀಗಿ ಕಾಯ್ತಿರ್ತಾಳ ಎಂದರು.

ತಬಸ್ಸುಮ ಜೆಟ್ಟಿಯ ಮೇಲೆ ಬೆಳಿಗ್ಗೆ ನಿಂತಲ್ಲೇ ನಿಂತಿದ್ದಳು. ತಾಯಿಯ ಒದ್ದೆ ಸೆರಗಿಗೆ ಮುಖ ಒತ್ತಿ, ಉಪ್ಪಿನ ವಾಸನೆ ಬರ್ತದ ಅಮ್ಮಿ ಎಂದಳಂತೆ. ಆ ಸೆರಗನ್ನು ಒಗೆಯಲು ಮುಮತಾಜರಿಗೆ ಕೆಲವು ದಿನ ಮನಸ್ಸಾಗಲಿಲ್ಲ.

ಈಗ ಮತ್ತೆ ಕಬ್ಬಿನ ಹಂಗಾಮು. ನಾನು ಹೊರಡಲು ಎದ್ದಾಗ ಸಿದ್ದರಾಮೇಶನ ಟ್ರ್ಯಾಕ್ಟರು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ. ಮುಮತಾಜ ತಾಡಪತ್ರಿಯ ಕೊನೆಯ ಮೂಲೆಗೆ ಹಗ್ಗ ಪೋಣಿಸುವ ಹಿತ್ತಾಳೆಯ ಬಳೆ ಕೂರಿಸುತ್ತಿದ್ದಾರೆ. ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಅವರು ಸುತ್ತಿಗೆ ಕೆಳಗಿಡದೆ ಉತ್ತರಿಸುತ್ತಾರೆ.

“ಇನ್ನೊಮ್ಮೆ ಹೋಗಬೇಕ್ರಿ. ಎಮ್ಮಿ ಸುದ್ದಿ ಸೈತ ಹೇಳಿ ಬಂದೆ, ಒಂದು ಹೇಳೋದು ಮರತ ಬಿಟ್ಟೆ. ಆ ಹುಡುಗಿ ಅಲ್ಲೇ ನನ್ನ ಬೆನ್ನ ಹಿಂದ ನಿಂತಿದ್ಳು, ಆದ್ರೂ ನೆನಪಾಗಲಿಲ್ಲ. ನನ್ನ ಹೊಲಿಗಿ ಹಿಡೀತು ಅಂತ ಅವ್ರಿಗಿ ಹೇಳಬೇಕು.”